ಹುಳುಮನೆಯಲ್ಲಿ ನಗಬಾರದು

ಹೋದ ವಾರ ಚಿಕ್ಕಬಳ್ಳಾಪುರದ ಒಂದು ಸಭಾಂಗಣದಲ್ಲಿ ನನ್ನ ಕೈಗೆ ಒಂದು ಹಳದಿ ಚೆಂಡು ಕೊಟ್ಟರು. ಸ್ಪಂಜಿನದು. ನಿಂಬೆಹಣ್ಣಿಗಿಂತ ತುಸು ಉದ್ದ, ಮೇಲೆ ಎರಡು ಕಣ್ಣು, ಒಂದು ನಗು. ಆಸ್ಪತ್ರೆಗಳಲ್ಲಿ ದುಡಿಯುವವರ ಮನಸ್ಸಿನ ಆರೋಗ್ಯದ ಬಗ್ಗೆ ಒಂದು ದಿನದ ತರಬೇತಿ ಅದು. ಮನಸ್ಸು ಭಾರವಾದಾಗ ಈ ಚೆಂಡನ್ನು ಹಿಸುಕಬೇಕಂತೆ. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಬಡಿಸಿ ಆಮೇಲೆ ಚೆಂಡು ಹಂಚಿದ್ದರಿಂದ ಅಲ್ಲಿದ್ದ ಯಾರ ಮನಸ್ಸೂ ಭಾರವಾಗಿರಲಿಲ್ಲ, ಭಾರವೆಲ್ಲ ಹೊಟ್ಟೆಯಲ್ಲಿತ್ತು. ನಾನು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಆ ಕಣ್ಣು, ಆ ನಗು ಎರಡನ್ನೂ ಅಳಿಸಿಬಿಟ್ಟರೆ ಅದು ನಮ್ಮ ಶಿಡ್ಲಘಟ್ಟದ ಕಡೆಯ ಹಳದಿ ರೇಷ್ಮೆಗೂಡೇ ಸರಿ.

ತರಬೇತಿ ಕೊಡಲು ಬಂದಿದ್ದ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, "ಕೋವಿಡ್ ಟೈಮಲ್ಲಿ ನಿಮ್ಮ ಮನಸ್ಸನ್ನ ಹಿಡಿದು ನಿಲ್ಲಿಸಿದ್ದು ಯಾರು, ಏನು?" ಎಂದು ಕೇಳುತ್ತಾ ಬಂದರು. ಒಬ್ಬರು ಧ್ಯಾನ ಎಂದರು. ಒಬ್ಬರು ಹೆಂಡತಿ ಎಂದರು, ಹೆಂಡತಿಯೂ ಅದೇ ಸಾಲಿನಲ್ಲಿ ಕೂತಿದ್ದರು, ಪಾಪ ಬೇರೆ ದಾರಿಯಿರಲಿಲ್ಲ. ನನ್ನ ಸರದಿ ಬಂದಾಗ ಕೈಯಲ್ಲಿ ಗೂಡಿನಂಥ ಚೆಂಡಿತ್ತಲ್ಲ, ಬಾಯಿ ತಪ್ಪಿ, "ಹುಳ, ಮೇಡಂ" ಎಂದುಬಿಟ್ಟೆ. ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಪಕ್ಕದಲ್ಲಿದ್ದ ಸಿಸ್ಟರ್ ಶಿಲ್ಪಾ. ಹೋದ ವರ್ಷ ನಮ್ಮ ಆಸ್ಪತ್ರೆಗೆ ಬಂದ ಹುಡುಗಿ. ಬಂದ ಹೊಸದರಲ್ಲೇ ವಾರ್ಡಿನ ವಿದೂಷಕ ಪಟ್ಟವನ್ನು ನನ್ನಿಂದ ಕಸಿದುಕೊಂಡವಳು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ ಅವಳ ಮಡಿಲ ಕಡೆ ನನ್ನ ಕಣ್ಣು ಹೋಯಿತು. ಮೇಜಿನ ಕೆಳಗೆ ಅವಳು ತನ್ನ ಚೆಂಡನ್ನು ಉಗುರಿನಿಂದ ಚೂರು ಚೂರು ಮಾಡಿ ಸೀರೆಯ ಮೇಲೆ ಗುಡ್ಡೆ ಹಾಕಿಕೊಂಡಿದ್ದಳು.

ಅದನ್ನು ನೋಡಿದ ಮೇಲೆ ನನಗೆ ನಗು ಬರಲಿಲ್ಲ. ಆ ನಗುವೂ ಗೊತ್ತು, ಆ ಬೆರಳುಗಳೂ ಗೊತ್ತು.

ಹುಳದ ವಿಷಯ ಹೇಳದೆ ಮುಂದೆ ಹೋದರೆ ನೀವೂ ಸಭೆಯವರ ಹಾಗೆ ನನ್ನನ್ನು ಹುಚ್ಚನೆಂದುಕೊಳ್ಳುತ್ತೀರಿ. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಬನ್ನಿ.

ನಾನು ಗೌರಿಬಿದನೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಗಂಡು ನರ್ಸುಗಳನ್ನು ನಮ್ಮಲ್ಲಿ 'ಬ್ರದರ್' ಎನ್ನುತ್ತಾರೆ. ಇದರಿಂದ ಊರಿಗೆಲ್ಲ ಅಣ್ಣನಾಗುವ ಭಾಗ್ಯ ನನ್ನದು. ಮದುವೆಗೆ ಹೆಣ್ಣು ನೋಡುವ ಕಾಲದಲ್ಲಿ ಹುಡುಗಿಯ ತಂದೆಯೇ ಅಭ್ಯಾಸಬಲದಿಂದ "ಕಾಫಿ ತಗೊಳ್ಳಿ ಬ್ರದರ್" ಎಂದಿದ್ದರು, ಆ ಸಂಬಂಧ ಮುಂದುವರಿಯಲಿಲ್ಲ. ಇಂಥ ಕೆಲಸದಲ್ಲಿ ತಮಾಷೆ ಬಾರದವನು ಬದುಕುವುದು ಕಷ್ಟ. ನನಗೋ ಅದು ಹುಟ್ಟುಗುಣ. ಸೂಜಿ ಚುಚ್ಚುವ ಮೊದಲು ಒಂದು ಮಾತು, ಚುಚ್ಚಿದ ಮೇಲೆ ಒಂದು ಮಾತು. ನಡುವೆ ರೋಗಿಗೆ ಚುಚ್ಚಿದ್ದೇ ತಿಳಿಯಬಾರದು.

ಅದರ ಜೊತೆಗೆ ನನ್ನದೊಂದು ಪದ್ಧತಿಯೂ ಇತ್ತು. ಡ್ಯೂಟಿ ಮುಗಿಸಿ ಹೊರಡುವಾಗ ವಾರ್ಡಿನ ಮಧ್ಯೆ ನಿಂತು ಒಂದು ಜೋಕಿನ ಅರ್ಧ ಹೇಳುವುದು. ಕುತೂಹಲದ ಜಾಗಕ್ಕೆ ಬಂದಾಗ, "ಮಿಕ್ಕಿದ್ದು ನಾಳೆ" ಎಂದು ಹೊರಟುಬಿಡುವುದು. ಹಿಂದಿನಿಂದ ಬೈಗುಳ, ನಗು. ಮರುದಿನ ಹೋದ ಕೂಡಲೇ ಬೆಡ್ಡುಗಳಿಂದ, "ಹೇಳಿ ಬ್ರದರ್, ಆಮೇಲೆ?" ರೋಗಿಗೆ ನಾಳೆಗೊಂದು ಕೆಲಸ ಇರಬೇಕು ಎನ್ನುವುದು ನನ್ನ ವೈದ್ಯಶಾಸ್ತ್ರ. ಡಾಕ್ಟರು ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ ಎನ್ನುತ್ತಿದ್ದರು, ಆದರೆ ಅವರೂ ಬಾಗಿಲ ಬಳಿ ನಿಂತು ಮಿಕ್ಕರ್ಧ ಕೇಳಿಸಿಕೊಂಡೇ ಹೋಗುತ್ತಿದ್ದರು.

ಕೋವಿಡ್ ಬಂತು. ಮೊದಲ ಸಲ ಬಂದಾಗ ನಮಗೆ ಅದರ ಪೂರ್ತಿ ಬಣ್ಣ ತಿಳಿಯಲಿಲ್ಲ. ನಮ್ಮ ಮನೆಯ ಮಾಲೀಕರು ತಾರಸಿ ಮೇಲೆ ನಿಂತು ನನಗಾಗಿ ತಟ್ಟೆ ಬಡಿದರು. ಬಡಿದು ಮುಗಿಸಿ, ಮುಂದಿನ ಮೆಟ್ಟಿಲು ಬಳಸಬೇಡಿ, ಹಿಂದಿನಿಂದ ಓಡಾಡಿ ಎಂದು ಕೈಸನ್ನೆ ಮಾಡಿದರು. ಆಸ್ಪತ್ರೆಯಲ್ಲಿ ಆ ಬಿಳಿಯ ಪಿಪಿಇ ಕಿಟ್ಟಿನೊಳಗೆ ಯಾರು ಯಾರೆಂದು ತಿಳಿಯದೆ ಎದೆಯ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ನಾನು ಒಂದು ದಿನ 'ಮದುಮಗ' ಎಂದು ಬರೆದುಕೊಂಡೆ. ಇನ್ನೊಂದು ದಿನ 'ಹೊಸ ಡಾಕ್ಟರು, ಹೆದರಬೇಡಿ'. ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮದುಮಗ ಅಂತೀಯ, ಬಾಸಿಂಗ ಎಲ್ಲಪ್ಪ?" ಎಂದು ಕೇಳಿದಳು. ಆ ದಿನವೆಲ್ಲ ವಾರ್ಡು ನಕ್ಕಿತು.

ಎರಡನೆಯ ಅಲೆ ಬಂದಾಗ ನಗುವವರು ಕಡಿಮೆಯಾದರು. ಬೆಡ್ಡು ತುಂಬಿತು, ಬೆಡ್ಡಿನ ನಡುವೆ ಚಾಪೆ ತುಂಬಿತು. ಆಗಲೂ ನಾನು ಅರ್ಧ ಜೋಕು ನಿಲ್ಲಿಸಲಿಲ್ಲ, ಅದೊಂದೇ ನನ್ನ ಕೈಯಲ್ಲಿ ಉಳಿದಿದ್ದ ಔಷಧಿಯೆನಿಸಿತ್ತು.

ಆ ವಾರ್ಡಿನಲ್ಲಿ ನಾಗರಾಜ ಎನ್ನುವವನಿದ್ದ. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸ, ನನ್ನದೇ ವಯಸ್ಸು. ನಾನು ಹೇಳುತ್ತಿದ್ದ ಪ್ರತಿ ಜೋಕಿನ ಮಿಕ್ಕರ್ಧವನ್ನು ತಾನೇ ಊಹಿಸಿ ಬೆರಳೆತ್ತಿ ಕಾಯುತ್ತಿದ್ದ. ಊಹೆ ಸರಿಯಾದರೆ ನನಗಿಂತ ಹೆಚ್ಚು ಅವನಿಗೇ ಹೆಮ್ಮೆ. ಆವತ್ತು ಹೇಳಿದ್ದು ಹುಂಜದ ಜೋಕು. ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ಬಸ್ಸಿಗೆ ಒಬ್ಬ ಹುಂಜ ಹಿಡಿದುಕೊಂಡು ಹತ್ತುತ್ತಾನೆ. ಕಂಡಕ್ಟರು ಹುಂಜಕ್ಕೂ ಟಿಕೆಟ್ ತಗೋ ಎನ್ನುತ್ತಾನೆ. ಇವನು ಜಗಳವಾಡಿ ಸೋತು ಟಿಕೆಟ್ ತೆಗೆದು, "ಟಿಕೆಟ್ ತಗೊಂಡಿದೆ, ಇನ್ನು ಸೀಟು ಕೊಡಿ" ಎಂದು ಹುಂಜವನ್ನು ಕಿಟಕಿ ಪಕ್ಕ ಕೂರಿಸುತ್ತಾನೆ. ಅಷ್ಟರಲ್ಲಿ ಚೆಕಿಂಗಿನವರು ಹತ್ತುತ್ತಾರೆ. ಸೀದಾ ಬಂದು ಹುಂಜವನ್ನೇ ಕೇಳುತ್ತಾರೆ, "ಎಲ್ಲಿಗೆ?"

"ಮಿಕ್ಕಿದ್ದು ನಾಳೆ" ಎಂದೆ.

ನಾಗರಾಜ ಆಕ್ಸಿಜನ್ ಮಾಸ್ಕು ಎತ್ತಿ, "ಬ್ರದರ್, ಇವತ್ತೇ ಹೇಳ್ಬಿಡಿ. ಹುಂಜ ಏನಂತು?" ಎಂದ.

"ಮಾಸ್ಕ್ ಹಾಕ್ಕೊಳ್ಳಿ ಮೊದ್ಲು. ಈಗ್ಲೇ ಹೇಳಿದ್ರೆ ನಾಳೆ ನನ್ನ ಮುಖ ಯಾರು ನೋಡ್ತಾರೆ?"

ಅವನು ಬೆರಳೆತ್ತಿ 'ನೋಡ್ಕೋತೀನಿ' ಎನ್ನುವಂತೆ ಆಡಿಸಿದ. ಮರುದಿನ ನಾನು ಹೋದಾಗ ಆ ಬೆಡ್ಡಿಗೆ ಹೊಸ ಬೆಡ್‌ಶೀಟು ಹಾಸಿತ್ತು. ಮಲಗಿದ್ದವರು ಬೇರೆ ಯಾರೋ. ಅವರು ನನ್ನನ್ನು ಕಂಡು, "ನೀವೇ ಅಲ್ವಾ ಕಥೆ ಹೇಳೋ ಬ್ರದರ್ರು? ಪಕ್ಕದೋರು ಹೇಳಿದ್ರು" ಎಂದರು. ನಾನೇನು ಮಾಡಿದೆ ಗೊತ್ತೆ? ಬೇರೆ ಜೋಕು ಹೇಳಿದೆ. ನಿಂತಲ್ಲೇ, ತಡವರಿಸದೆ, ಎಂದಿಗಿಂತ ಚೆನ್ನಾಗಿ.

ಅಂದಿನಿಂದ ನನ್ನ ಬಾಯಿ ನನ್ನ ಮಾತು ಕೇಳುವುದನ್ನು ಬಿಟ್ಟಿತು. ತಮಾಷೆ ನಿಲ್ಲಲೇ ಇಲ್ಲ. ಸಾವಿನ ಸುದ್ದಿ ಹೇಳಲು ಫೋನೆತ್ತಿದಾಗಲೂ ನಾಲಿಗೆ ತುದಿಗೆ ಒಂದು ಚಟಾಕಿ ಬಂದು ಕೂರುತ್ತಿತ್ತು, ಅದನ್ನು ನುಂಗಿ ನುಂಗಿ ದವಡೆ ನೋಯುತ್ತಿತ್ತು. ಮನೆಗೆ ಬಂದು ಮಲಗಿದರೆ ಆಸ್ಪತ್ರೆಯ ಮಾನಿಟರು ಕಿವಿಯೊಳಗೇ ಟೀಂ ಟೀಂ ಎನ್ನುತ್ತಿತ್ತು. ಸುತ್ತ ನಿಶ್ಶಬ್ದವಾದಷ್ಟೂ ಅದು ಜೋರು. ಹೆಂಡತಿ, ಮಗಳು ಚಿಂತಾಮಣಿಯಲ್ಲಿ ತವರಿನಲ್ಲಿದ್ದರು, ಹಾಗಾಗಿ ಗೋಡೆಗೆ ಜೋಕು ಹೇಳಿದೆ. ಆಸ್ಪತ್ರೆಯ ಗೇಟು ಕಂಡರೆ ವಾಂತಿ ಬರುತ್ತಿತ್ತು. ಗೇಟಿನ ಪಕ್ಕ ವಾಂತಿ ಮಾಡಿ, ಬಾಯಿ ತೊಳೆದು, ಒಳಗೆ ಹೋಗಿ ನಗಿಸುತ್ತಿದ್ದೆ. ಹೆದರಿಕೆಯಾಗಿತ್ತು ನನಗೆ. ಕಾಯಿಲೆಗಲ್ಲ, ನನಗೇ ನಾನು ಹೆದರಿದ್ದೆ.

ಸರ್ಕಾರದವರು ನಮ್ಮನ್ನು ಮರೆತಿದ್ದರೆಂದಲ್ಲ. ಸಿಬ್ಬಂದಿಯ ಮನಸ್ಸು ವಿಚಾರಿಸಲು ಫೋನ್ ಮಾಡುವವರಿದ್ದರು. ಒಂದು ದಿನ ಒಬ್ಬ ಹುಡುಗಿ ಮಾತಾಡಿದಳು.

"ನಿದ್ದೆ ಹೇಗಿದೆ ಸರ್?"

"ಚೆನ್ನಾಗಿರಬೇಕು ಮೇಡಂ. ನಾವಿಬ್ರೂ ಭೇಟಿಯಾಗಿ ಬಹಳ ದಿನ ಆಯ್ತು."

ಅವಳು ನಕ್ಕಳು. "ಊಟ ಸೇರ್ತಿದೆಯಾ?"

"ನಾನು ಊಟಾನ ಸೇರಿಸ್ತೀನಿ, ಊಟ ನನ್ನ ಸೇರಿಸ್ತಿಲ್ಲ."

"ಅಯ್ಯೋ ಸರ್, ಎಲ್ಲಾರೂ ನಿಮ್ಮ ಥರಾನೇ ಇದ್ಬಿಟ್ರೆ ನಮಗೆ ಕೆಲ್ಸಾನೇ ಇರಲ್ಲ" ಎಂದು ಸಂತೋಷದಿಂದ ಫೋನಿಟ್ಟಳು. ಪಾಪ, ಬೆಳಿಗ್ಗೆಯಿಂದ ಎಷ್ಟು ಜನರ ಅಳು ಕೇಳಿದ್ದಳೋ. ನಾನೂ ಅವಳಿಗೆ ಒಂದಿಷ್ಟು ಸಮಾಧಾನ ಮಾಡಿ ಕಳಿಸಿದಂತಾಯಿತು.

ಸರದಿಯ ಮೇಲೆ ನಮಗೆ ಕೆಲವು ದಿನ ರಜೆ ಕೊಡುತ್ತಿದ್ದರು. ನನ್ನ ಸರದಿ ಬಂದಾಗ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಈ ರಜೆ ಮುಗಿದ ಮೇಲೆ ಕೆಲಸಕ್ಕೆ ವಾಪಸು ಹೋಗುವುದಿಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಟೆಸ್ಟು ಮಾಡಿಸಿ, ಸೋಂಕಿಲ್ಲವೆಂದು ಬಂದ ಮೇಲೆ, ಬೈಕು ಹತ್ತಿ ಶಿಡ್ಲಘಟ್ಟದ ಹತ್ತಿರದ ನಮ್ಮ ಸೋದರತ್ತೆಯ ಊರಿಗೆ ಹೊರಟೆ. ಚಿಂತಾಮಣಿಗೇ ಹೋಗಬಹುದಿತ್ತು. ಆದರೆ ಹೆಂಡತಿ ಒಂದು ಸಲ ನನ್ನ ಮುಖ ನೋಡಿದರೆ ಎಲ್ಲ ತಿಳಿದುಬಿಡುತ್ತಾಳೆ. ಅತ್ತೆಯಾದರೆ ನನ್ನ ಮುಖ ನೋಡುವವಳಲ್ಲ, ಅವಳಿಗೆ ಹುಳುಗಳ ಮುಖ ನೋಡಲೇ ಪುರಸೊತ್ತಿಲ್ಲ.

ಅತ್ತೆ ಬೈರಮ್ಮ ರೇಷ್ಮೆಹುಳು ಸಾಕುವವಳು. ಮಗ, ಸೊಸೆ ತೋಟದಿಂದ ಹಿಪ್ಪುನೇರಳೆ ಸೊಪ್ಪು ಕಡಿದು ತರುತ್ತಾರೆ, ಹುಳುಮನೆಯೊಳಗಿನ ರಾಜ್ಯಭಾರ ಮಾತ್ರ ಇವಳದೇ. ಹುಳು ಸಾಕುವವರ ಮಡಿ ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಸಿರುತ್ತಾರೆ, ಅದರ ಮೇಲೆ ಕಾಲಿಟ್ಟೇ ಒಳಗೆ ಬರಬೇಕು. ಕೈ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಊದುಬತ್ತಿ ಹಚ್ಚಿದವರು, ಸೆಂಟು ಹಾಕಿದವರು, ಬೀಡಿ ಸೇದಿದವರು ಹತ್ತಿರ ಸುಳಿಯುವಂತಿಲ್ಲ. ಹೊರಗಿನವರಿಗೆ ಪ್ರವೇಶವೇ ಇಲ್ಲ, ಬೀಗರಾದರೂ ಅಷ್ಟೆ. ದೇಶವೆಲ್ಲ ಕೈ ತೊಳೆಯಲು ಕಲಿಯುತ್ತಿದ್ದಾಗ ನಮ್ಮತ್ತೆ, "ಇದೇನು ಹೊಸದಾ? ಇಷ್ಟು ದಿನ ಇವರೆಲ್ಲ ಹಂಗೇ ಉಣ್ತಿದ್ರಾ?" ಎಂದು ಅಸಹ್ಯಪಟ್ಟುಕೊಂಡಳಂತೆ.

ನಾನು ಹೋಗಿ ಅಂಗಳದಲ್ಲಿ ಬೈಕು ನಿಲ್ಲಿಸಿದ್ದೇ ತಡ, ಅತ್ತೆ ಒಳಗಿನಿಂದಲೇ ಕೂಗಿದಳು.

"ಅಲ್ಲೇ ನಿಂತ್ಕೊಳೋ! ಏನೋ ಅದು ವಾಸನೆ?"

"ಸ್ಯಾನಿಟೈಸರ್ ಅತ್ತೆ. ಕೈಗೆ ಹಾಕ್ಕೊಂಡಿದೀನಿ."

"ಆ ವಾಸನೆಗೆ ನನ್ನ ಹುಳ ಸಾಯ್ತಾವೆ. ಹೋಗು, ಬಚ್ಚಲಲ್ಲಿ ನೀರು ಕಾದಿದೆ, ಸ್ನಾನ ಮಾಡ್ಕೊಂಡು ಬಾ. ಆ ಬಟ್ಟೆ ಬಿಚ್ಚಿ ಬಿಸಿನೀರಲ್ಲಿ ಹಾಕು. ನಾಲ್ಕನೇ ಜ್ವರ ಎದ್ದವೆ ಹುಳ. ನಿನ್ನಿಂದ ಅವಕ್ಕೆ ಏನಾದ್ರೂ ಅಂಟಿದ್ರೆ ನಿನ್ನ ಸುಮ್ನೆ ಬಿಡಲ್ಲ ನೋಡು."

ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವು ಹೇಳತೀರದು. ಅದಿರಲಿ. ಮನುಷ್ಯರಿಗೆಲ್ಲ ನನ್ನಿಂದ ಅಂಟುತ್ತದೆ ಎಂದು ಜಿಲ್ಲೆಯೇ ಹೆದರಿದ್ದ ಕಾಲದಲ್ಲಿ, ಹುಳಕ್ಕೆ ಅಂಟುತ್ತದೆ ಎಂದು ಹೆದರಿದವಳು ನಮ್ಮತ್ತೆ ಒಬ್ಬಳೇ. ನನಗೆ ತಟ್ಟೆ ಬಡಿಯಲಿಲ್ಲ, ಹೂವು ಎರಚಲಿಲ್ಲ, ದೇವರಂಥವನು ಎನ್ನಲಿಲ್ಲ. ಬಹಳ ದಿನಗಳ ಮೇಲೆ ಒಬ್ಬರು ಬೈದಿದ್ದು ಕೇಳಿ ಹಾಯೆನಿಸಿತು.

ನನಗೆ ಕೊಟ್ಟಿದ್ದು ಹುಳುಮನೆಗೆ ಅಂಟಿಕೊಂಡ ಒಂದು ಕೋಣೆ. ಮೊದಲೆಲ್ಲ ಎಳೆಹುಳುಗಳನ್ನು ಅಲ್ಲಿ ಸಾಕುತ್ತಿದ್ದರು, ಈಗ ಬೆಳೆದ ಮರಿಗಳನ್ನೇ ಹೊರಗಿನಿಂದ ತರುವುದರಿಂದ ಕೋಣೆ ಖಾಲಿ. ಹುಳುಮನೆಗೂ ಕೋಣೆಗೂ ನಡುವೆ ಜಾಲರಿಯ ಕಿಟಕಿ. ಆ ಕಡೆ ಅತ್ತೆ ಸೊಪ್ಪು ಹಾಕುತ್ತಿದ್ದರೆ ಈ ಕಡೆ ನಾನು ಚಾಪೆಯ ಮೇಲೆ. ಮೊದಲ ದಿನ ಬೆಳಗಿನಿಂದಲೇ ನನ್ನ ಬಾಯಿ ಶುರುವಾಯಿತು. ಆಸ್ಪತ್ರೆಯ ಜೋಕು, ಪಿಪಿಇ ಕಿಟ್ಟಿನ ಜೋಕು, ಮಾಲೀಕರ ತಟ್ಟೆಯ ಜೋಕು. ಅತ್ತೆ ನಗಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಅವಳು ಸೊಪ್ಪಿನ ಬುಟ್ಟಿ ಕೆಳಗಿಟ್ಟು ಜಾಲರಿಯ ಹತ್ತಿರ ಬಂದಳು.

"ಒರೇ, ನೋರು ಮೂಸ್ಕೋ" ಎಂದಳು. ನಮ್ಮತ್ತೆ ಮುದ್ದಿಗೆ ಕನ್ನಡ, ಕೋಪಕ್ಕೆ ತೆಲುಗು. ಬಾಯಿ ಮುಚ್ಚಿಸುವುದಕ್ಕೆ ತೆಲುಗಿನಷ್ಟು ಒಳ್ಳೆಯ ಭಾಷೆ ಇಲ್ಲವೆಂದು ಅವಳ ನಂಬಿಕೆ. "ಹುಳುಮನೇಲಿ ತಮಾಷೆ ಮಾಡಬಾರ್ದು, ನಗಬಾರ್ದು. ಮಾಡಿದ್ರೆ ಹುಳ ಗೂಡು ಕಟ್ಟಲ್ಲ. ಹಿಂದಿನೋರು ಮಾಡಿಟ್ಟ ಶಾಸ್ತ್ರ. ನಿಂಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಆದರೆ ಹುಳುಮನೆಯ ಶಾಸ್ತ್ರಗಳು ಅಷ್ಟಿವೆ, ಇದೂ ಒಂದಿರಬಹುದು. ಒಂದು ಬೆಳೆ ಕೈಕೊಟ್ಟರೆ ಆ ಮನೆಗೆ ಏನಾಗುತ್ತದೆಂದು ನನಗೆ ಗೊತ್ತು. ಬಾಯಿ ಮುಚ್ಚಿದೆ.

ಓದುವವರೇ, ನೀವು ಯಾವತ್ತಾದರೂ ತಮಾಷೆ ಮಾಡದೆ ಒಂದು ದಿನ ಇರಲು ನೋಡಿದ್ದೀರಾ? ಬಾಯಿಗೆ ಬಂದ ಮೊದಲ ಮಾತು ತಮಾಷೆ, ಅದನ್ನು ನುಂಗಬೇಕು. ಎರಡನೆಯದೂ ತಮಾಷೆ, ಅದನ್ನೂ ನುಂಗಬೇಕು. ಮೂರನೆಯ ಮಾತು ಬರುವುದೇ ಇಲ್ಲ. ಆವತ್ತು ನನ್ನಲ್ಲಿ ಬೇರೆ ಮಾತೇ ಉಳಿದಿಲ್ಲವೆಂದು ತಿಳಿದು ಗಾಬರಿಯಾಯಿತು. ಅತ್ತೆ ಸುಮ್ಮನೆ ಕೂರಲು ಬಿಡಲಿಲ್ಲ. ಒಂದೆರಡು ದಿನ ಬಿಟ್ಟು, ನನ್ನ ವಾಸನೆ ಹೋಗಿದೆ ಎಂದು ಮೂಗಿನಿಂದಲೇ ತೀರ್ಪು ಕೊಟ್ಟು, ಒಳಗೆ ಕರೆದು ಸೊಪ್ಪು ಹಾಕಲು ಹಚ್ಚಿದಳು. ಹರಡು, ಅಲ್ಲಿ ತೆಳ್ಳಗಾಯ್ತು, ಇಲ್ಲಿ ಗುಡ್ಡೆಯಾಯ್ತು, ಇಷ್ಟೇ ಮಾತು.

ಆ ಹುಳುಗಳು ಮೇಯುವ ಸದ್ದು ನೀವು ಕೇಳಿರಬೇಕು. ಒಂದು ಹುಳು ಮೇಯ್ದರೆ ಏನೂ ಕೇಳಿಸದು, ಒಂದು ಮನೆ ತುಂಬ ಹುಳು ಮೇಯ್ದರೆ ತೆಂಗಿನ ಗರಿಯ ಮೇಲೆ ಸೋನೆ ಬಿದ್ದ ಹಾಗೆ ಒಂದೇ ಸಮನೆ ಸರಸರ ಸರಸರ. ಒಂದು ಮಧ್ಯಾಹ್ನ ಸೊಪ್ಪು ಹಾಕಿ ಬಂದು, ಜಾಲರಿಯ ಕಡೆ ಕಿವಿ ಮಾಡಿ ಚಾಪೆಯ ಮೇಲೆ ಅಡ್ಡಾದೆ. ಕಿವಿಯೊಳಗಿನ ಟೀಂ ಟೀಂ ಎಲ್ಲಿ ಎಂದು ಹುಡುಕಿದೆ. ಆ ಸರಸರದೊಳಗೆ ಅದು ಕೇಳಿಸಲಿಲ್ಲ. ಹುಡುಕುತ್ತಲೇ ನಿದ್ದೆ ಹೋದೆ. ಎದ್ದಾಗ ಮುಖದ ಮೇಲೆ ಚಾಪೆಯ ಗೆರೆ ಮೂಡಿತ್ತು, ಪಕ್ಕದಲ್ಲಿ ಮುದ್ದೆ, ಉಪ್ಸಾರು ಮುಚ್ಚಿಟ್ಟಿತ್ತು. ಅತ್ತೆ ಎಬ್ಬಿಸಿರಲಿಲ್ಲ.

ಮರುದಿನ ಸೊಪ್ಪು ಹರಡುತ್ತಿದ್ದಾಗ ಆ ಮೂರನೆಯ ಮಾತು ತಾನಾಗಿ ಬಂತು.

"ಅತ್ತೆ, ನಾನು ಕೆಲ್ಸ ಬಿಡ್ತೀನಿ."

"ಹೂಂ" ಎಂದಳು, ಸೊಪ್ಪಿನಿಂದ ಕಣ್ಣೆತ್ತದೆ.

ನಾಗರಾಜನ ವಿಷಯ ಹೇಳಿದೆ. ಅರ್ಧ ಜೋಕಿನ ಪದ್ಧತಿ ಹೇಳಿದೆ. ಅವನು ಮಾಸ್ಕೆತ್ತಿ ಕೇಳಿದ್ದು, ನಾನು ನಾಳೆ ಎಂದದ್ದು, ಹೊಸ ಬೆಡ್‌ಶೀಟು, ಎಲ್ಲ ಹೇಳಿದೆ. "ಅದೊಂದು ಮಾತು ಹೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು ಅತ್ತೆ? ಎಷ್ಟು ಹೊತ್ತು ಬೇಕಿತ್ತು?" ಎನ್ನುತ್ತಾ ಕೈಯಲ್ಲಿದ್ದ ಸೊಪ್ಪನ್ನೆಲ್ಲ ಒಂದೇ ಕಡೆ ಸುರಿದುಬಿಟ್ಟೆ. ಹೊರಗಿನ ಯಾರ ಎದುರಿಗೂ ಆಡದ ಮಾತನ್ನು ಅಷ್ಟು ಹುಳುಗಳ ಎದುರಿಗೆ ಆಡಿದ್ದೆ. ಅವು ತಲೆಯೆತ್ತದೆ ಮೇಯುತ್ತಿದ್ದವು.

ಅತ್ತೆ ಕೈಯಲ್ಲಿದ್ದ ಸೊಪ್ಪನ್ನು ಹಾಕಿ ಮುಗಿಸಿ ನನ್ನ ಕಡೆ ತಿರುಗಿದಳು. ಏನಾದರೂ ಸಮಾಧಾನ ಹೇಳುತ್ತಾಳೆ, ಹಣೆಬರಹ ಎನ್ನುತ್ತಾಳೆ ಎಂದುಕೊಂಡೆ.

"ಮಿಕ್ಕಿದ್ದೇನೋ?"

"ಯಾವುದು ಮಿಕ್ಕಿದ್ದು?"

"ಅದೇ ಕಣೋ, ಹುಂಜದ್ದು. ಏನಂತು ಹುಂಜ?"

"ಅತ್ತೆ, ಹುಳುಮನೇಲಿ..."

"ಹೇಳೋ ಪರವಾಗಿಲ್ಲ. ನಾನು ನಗಲ್ಲ."

ನಾನು ಕಣ್ಣೊರೆಸಿಕೊಂಡು ಹೇಳಿದೆ. ಚೆಕಿಂಗಿನವರು ಎಲ್ಲಿಗೆ ಎಂದು ಕೇಳಿದರೆ ಹುಂಜ ಸುಮ್ಮನಿರುತ್ತದೆ. ಮತ್ತೆ ಕೇಳುತ್ತಾರೆ, ಮತ್ತೆ ಸುಮ್ಮನೆ. ಆಗ ಹುಂಜದ ಯಜಮಾನ ಎದ್ದು ನಿಂತು ಹೇಳುತ್ತಾನೆ, "ಸಾರ್, ಅದರ ಡ್ಯೂಟಿ ಬೆಳಗಿನ ಜಾವಕ್ಕೇ ಮುಗೀತು. ಈಗ ಏನು ಕೇಳಿದ್ರೂ ಬಾಯಿ ಬಿಡಲ್ಲ."

ಹುಳುಗಳ ಸರಸರ. ಅತ್ತೆ ಇನ್ನೂ ಕಾಯುತ್ತಿದ್ದಳು.

"ಆಮೇಲೆ?"

"ಅಷ್ಟೇ."

"ಅಷ್ಟೇನಾ?" ಅತ್ತೆಯ ಮುಖದಲ್ಲಿ ನಿಜವಾದ ಸಂಕಟ ಕಾಣಿಸಿತು. "ಮತ್ತೆ ಟಿಕೆಟ್ ಯಾರ ಹತ್ರ ಇತ್ತು? ಹುಂಜ ಏನು ರೆಕ್ಕೇಲಿ ಸಿಕ್ಕಿಸ್ಕೊಂಡಿತ್ತಾ? ಚೆಕಿಂಗಿನೋನಿಗೆ ಕಣ್ಣು ಕಾಣಲ್ವಾ? ಪಕ್ಕದಲ್ಲಿ ಮನುಷ್ಯ ಕೂತವ್ನೆ, ಹುಂಜನ್ನ ಹೋಗಿ ಕೇಳ್ತಾನೆ! ಇದಕ್ಕಾ ಅಷ್ಟು ಜನಾನ ನಾಳೆ ತನಕ ಕಾಯಿಸ್ತಿದ್ದೆ ನೀನು? ಇದು ಕೇಳದೆ ಹೋಗಿದ್ದು ಆಯಪ್ಪನ ಪುಣ್ಯ ಕಣೋ. ಏನೋ ದೊಡ್ಡದಿದೆ ಅಂದ್ಕೊಂಡೇ ಹೋದ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಟ್ಟೆಯ ತಳದಿಂದ ಏನೋ ಎದ್ದು ಬಂತು. ನಗುವೋ ಅಳುವೋ ತಿಳಿಯಲಿಲ್ಲ, ಎರಡೂ ಒಂದೇ ಬಾಗಿಲಲ್ಲಿ ನುಗ್ಗಿದವು. ಹುಳುಮನೆಯ ಕಂಬ ಹಿಡಿದುಕೊಂಡು ನಗುತ್ತಲೇ ಅತ್ತುಬಿಟ್ಟೆ. ಆ ಜೋಕು ನಿಜಕ್ಕೂ ಕೆಟ್ಟದ್ದೇ. ನಾಗರಾಜ ಇದ್ದಿದ್ದರೆ ಬೆರಳೆತ್ತಿ ಇದನ್ನೇ ಹೇಳುತ್ತಿದ್ದ, "ಇದಕ್ಕಾ ಬ್ರದರ್?" ಎಂದು. ಅವನ ಆ ದನಿ ನನಗೆ ಕೇಳಿಸಿತು. ಅವನು ಸತ್ತ ಮೇಲೆ ಅವನ ಬೆಡ್‌ಶೀಟಷ್ಟೇ ನೆನಪಾಗುತ್ತಿತ್ತು, ಆವತ್ತು ಮೊದಲ ಸಲ ಅವನ ಮುಖ ನೆನಪಾಯಿತು. ಅತ್ತೆ ನನ್ನ ರಟ್ಟೆ ಹಿಡಿದು ಬಾಗಿಲ ಕಡೆ ತಳ್ಳಿದಳು.

"ಹೊರಗೋಗಿ ನಗು, ಹೊರಗೋಗಿ ಅಳು, ಏನಾದ್ರೂ ಮಾಡ್ಕೋ. ಹುಳ ಗೂಡು ಕಟ್ಟದೆ ಇರ್ಲಿ ಆಮೇಲಿದೆ ನಿಂಗೆ."

ಹೊರಗೆ ತೋಟದ ಬದುವಿನ ಮೇಲೆ ಕೂತು ನಾನು ಸಾಕೆನ್ನುವಷ್ಟು ಅತ್ತುಕೊಂಡೆ. ಬಿಸಿಲಿತ್ತು. ಮೂಗು ಒರೆಸಿಕೊಳ್ಳಲು ಹಿಪ್ಪುನೇರಳೆ ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ, ಅದು ತುಂಬ ಒರಟು.

ರಜೆ ಮುಗಿಯುವ ಹೊತ್ತಿಗೆ ಹುಳುಗಳು ಹಣ್ಣಾಗಿ ಹೊಳೆಯತೊಡಗಿದವು. ಗೂಡು ಕಟ್ಟಲೆಂದು ಅವನ್ನು ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಟ್ಟೆವು. ನನಗೆ ಒಳಗೊಳಗೇ ಅಳುಕು, ನಾನು ನಕ್ಕಿದ್ದಕ್ಕೆ ಕಟ್ಟದೆ ಹೋದರೆ? ಅವು ಹಳದಿ ನೂಲು ಸುತ್ತಿಕೊಂಡು ಒಂದೊಂದೇ ಮರೆಯಾದವು. ಹೊರಡುವಾಗ ಅತ್ತೆ ಕೆಲಸ ಬಿಡುವ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. "ಆಸ್ಪತ್ರೇಲಿ ಆ ಹುಂಜದ್ದು ಮಾತ್ರ ಹೇಳ್ಬೇಡ, ಇರೋರೂ ಹೋಗ್ತಾರೆ" ಎಂದಳಷ್ಟೆ. ಗೌರಿಬಿದನೂರಿನ ಗೇಟಿನ ಹತ್ತಿರ ಮತ್ತೆ ಹೊಟ್ಟೆ ತೊಳೆಸಿತು. ಆದರೆ ಈ ಸಲ ಒಳಗೆ ಹೋಗಿ ಹಿರಿಯ ಸಿಸ್ಟರಿಗೆ, "ನನಗೆ ಗೇಟ್ ಹತ್ರ ವಾಂತಿ ಬರತ್ತೆ" ಎಂದು ಹೇಳಿದೆ. ಅವರು, "ನಂಗೆ ಲಿಫ್ಟ್ ಹತ್ರ" ಎಂದರು. ಆಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋದೆವು, ಮಾತ್ರೆಯನ್ನೂ ತೆಗೆದುಕೊಂಡೆವು. ಎಲ್ಲ ಹುಳದಿಂದಲೇ ವಾಸಿಯಾಯಿತೆಂದು ಹೇಳಿದರೆ ನನ್ನ ವೃತ್ತಿಗೆ ಅವಮಾನ.

ಈಗಲೂ ವಾರ್ಡಿನಲ್ಲಿ ಜೋಕು ಹೇಳುತ್ತೇನೆ. ಪೂರ್ತಿ ಹೇಳಿ ಮನೆಗೆ ಹೋಗುತ್ತೇನೆ.

ಕಥೆಯಲ್ಲಿ ಇನ್ನೊಂದು ತಿರುವಿದೆ. ಎಷ್ಟೋ ಕಾಲದ ಮೇಲೆ ಒಮ್ಮೆ ಅತ್ತೆಯ ಗೂಡು ಹಾಕಲು ಅವಳ ಮಗನ ಜೊತೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಹರಾಜಿಗೆ ಕಾಯುತ್ತಾ ಪಕ್ಕದ ರೈತರ ಹತ್ತಿರ, ಹುಳುಮನೆಯಲ್ಲಿ ನಗಬಾರದೆನ್ನುವ ಶಾಸ್ತ್ರ ನಿಮ್ಮೂರಲ್ಲೂ ಇದೆಯಾ ಎಂದು ಕೇಳಿದೆ. ಅವರು ಪಕ್ಕದವರನ್ನು ಕೇಳಿದರು, ಅವರು ಅವರ ಪಕ್ಕದವರನ್ನು. ಸಾಲಿನ ಕೊನೆಯಿಂದ ಒಬ್ಬರು, "ಯಾರಪ್ಪ ಅದು? ಹುಳುಮನೇಲಿ ನಗದೆ ಇರಕ್ಕಾಯ್ತದಾ? ಗೂಡಿನ ರೇಟು ನೋಡೇ ನಗು ಬರ್ತದೆ" ಎಂದರು. ಮಾರುಕಟ್ಟೆಯೆಲ್ಲ ನಕ್ಕಿತು. ಸಂಜೆ ಅತ್ತೆಯನ್ನು ಹಿಡಿದುಕೊಂಡೆ.

"ಹಂಗೊಂದು ಶಾಸ್ತ್ರಾನೇ ಇಲ್ವಂತಲ್ಲ ಅತ್ತೆ?"

"ಇಲ್ಲ. ನಾನೇ ಹುಟ್ಸಿದ್ದು" ಎಂದಳು ಲಜ್ಜೆಯಿಲ್ಲದೆ. "ಬೆಳಿಗ್ಗೆಯಿಂದ ಬಡಬಡ ಅಂತಿದ್ದೆ. ತಲೆ ಸಿಡೀತಿತ್ತು ನಂಗೆ."

ನನ್ನ ಸಲುವಾಗಿ ಹೇಳಿದಳೋ, ತನ್ನ ತಲೆನೋವಿಗೆ ಹೇಳಿದಳೋ, ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ತೆಲುಗಿಗೆ ಇಳಿಯುತ್ತಾಳೆ.

ಮತ್ತೆ ಚಿಕ್ಕಬಳ್ಳಾಪುರದ ಚೆಂಡಿಗೆ ಬರೋಣ. ತರಬೇತಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಶಿಲ್ಪಾ ಒಂದೇ ಸಮನೆ ಎಲ್ಲರನ್ನೂ ನಗಿಸಿದಳು. ಅವಳು ಬಹಳ ದಿನ ನೋಡಿಕೊಂಡಿದ್ದ ಒಬ್ಬ ರೋಗಿ ಹೋದ ತಿಂಗಳು ತೀರಿಕೊಂಡಿದ್ದರು. ಮಹಾಮಾರಿ ಹೋಯಿತು, ವಾರ್ಡು ಹೋಗಲಿಲ್ಲವಲ್ಲ. ಆ ಸಾವಿನ ಮೇಲಿಂದ ಅವಳ ಜೋಕು ಹೆಚ್ಚಾಗಿತ್ತು. ನಾವೆಲ್ಲ ಹುಡುಗಿ ಗಟ್ಟಿ ಎಂದುಕೊಂಡಿದ್ದೆವು. ನಾನೂ ಎಂದುಕೊಂಡಿದ್ದೆ, ಆ ಚೆಂಡಿನ ಚೂರು ನೋಡುವ ತನಕ.

ಮರುದಿನ ಅವಳಿಗೆ ಸ್ಟೆರಿಲೈಸ್ ಮಾಡುವ ಕೋಣೆಯಲ್ಲಿ ಕೆಲಸವಿತ್ತು. ಗಾಯಕ್ಕೆ ಕಟ್ಟುವ 'ಗಾಜ್' ಬಟ್ಟೆ ಕತ್ತರಿಸಿ, ಮಡಿಚಿ, ಡಬ್ಬಿಗೆ ತುಂಬುವುದು. ಆಮೇಲೆ ಆ ಡಬ್ಬಿಗಳನ್ನು ಆವಿಯಲ್ಲಿ ಬೇಯಿಸುವ ದೊಡ್ಡ ಮಶೀನು, ಆಟೋಕ್ಲೇವು, ಮೂಲೆಯಲ್ಲಿದೆ. ನಾನೂ ಹೋಗಿ ಒಂದು ಸ್ಟೂಲು ಎಳೆದುಕೊಂಡು ಮಡಿಚತೊಡಗಿದೆ. ಅವಳು ಬಾಯಿ ತೆರೆದಳು.

"ಬ್ರದರ್, ನಿನ್ನೆ ಆ ಮೇಡಂ..."

"ಶ್! ಸಿಸ್ಟರ್, ಈ ರೂಮಲ್ಲಿ ತಮಾಷೆ ಮಾಡಬಾರ್ದು."

"ಯಾಕೆ?"

"ಆಟೋಕ್ಲೇವ್ ಕೆಟ್ಟೋಗತ್ತೆ. ಹಳಬರು ಹೇಳ್ತಿದ್ರು. ನಿಮಗ್ಯಾರೂ ಹೇಳಿಲ್ವಾ?" ನಮ್ಮತ್ತೆಯ ಮುಖವನ್ನೇ ನನ್ನ ಮುಖದ ಮೇಲೆ ಇಟ್ಟುಕೊಂಡು ಹೇಳಿದೆ.

ಅವಳು ನನ್ನನ್ನು ನೋಡಿದಳು. ಮೂಲೆಯ ಮಶೀನನ್ನು ನೋಡಿದಳು. ತುಟಿಯವರೆಗೆ ಬಂದದ್ದನ್ನು ನುಂಗಿದ್ದು ನನಗೆ ಕಾಣಿಸಿತು. ಮತ್ತೊಂದನ್ನೂ ನುಂಗಿದಳು. ಇಬ್ಬರೂ ಮಡಿಚುತ್ತಾ ಹೋದೆವು. ನಾನು ಗುಡ್ಡೆ ಹಾಕಿದ್ದು ಡೊಂಕಾಗಿತ್ತು, ಅವಳು ತಿದ್ದಿದಳು. ಹಾಗೇ ಬಹಳ ಹೊತ್ತು ಕಳೆದ ಮೇಲೆ, ಕೈ ನಿಲ್ಲಿಸದೆ, ಆ ರೋಗಿಯ ಹೆಸರು ಹೇಳಿ ಮಾತು ಶುರು ಮಾಡಿದಳು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು. ಹೇಳಿ ಮುಗಿಸಿ ಮಡಿಚಿಟ್ಟಿದ್ದ ಗಾಜ್ ಬಟ್ಟೆಯನ್ನೇ ಬಿಚ್ಚಿ ಮೂಗು ಒರೆಸಿಕೊಂಡಳು. ಆ ವಿಷಯದಲ್ಲಿ ಅವಳು ನನಗಿಂತ ಅದೃಷ್ಟವಂತೆ. ಆಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಮಾತಾಡೋಣವೆಂದು ಗೊತ್ತು ಮಾಡಿಕೊಂಡೆವು.

ಹೊರಗೆ ಹೋಗುತ್ತಾ ಅವಳು ಬಾಗಿಲ ಬಳಿ ನಿಂತಳು.

"ಬ್ರದರ್, ಬಾಗಿಲಾಚೆ ತಮಾಷೆ ಮಾಡಬಹುದಲ್ವಾ?"

"ಧಾರಾಳವಾಗಿ."

ಹೊಸ್ತಿಲು ದಾಟಿ, ಕಾರಿಡಾರಿನಲ್ಲಿ ಎರಡೂ ಕಾಲು ಊರಿ ನಿಂತುಕೊಂಡು ಹೇಳಿದಳು, "ಆ ಮಶೀನ್ ಮೊನ್ನೇನೇ ಕೆಟ್ಟೋಗಿದೆ. ರಿಪೇರಿಯೋರಿಗೆ ಫೋನ್ ಮಾಡಿದ್ದೇ ನಾನು."

ನಾನು ಎದ್ದು ಹೋಗಿ ಆಟೋಕ್ಲೇವಿನ ಮೇಲೆ ಕೈಯಿಟ್ಟು ನೋಡಿದೆ. ತಣ್ಣಗಿತ್ತು. ಎಲ್ಲ ಗೊತ್ತಿದ್ದೂ ಹುಡುಗಿ ಅಷ್ಟು ಹೊತ್ತು ಕೂತು ಹೇಳಿಕೊಂಡಿದ್ದಳು. ಸ್ಟೂಲಿಗೆ ವಾಪಸು ಬಂದು ಮಿಕ್ಕ ಬಟ್ಟೆಯನ್ನೆಲ್ಲ ನಾನೇ ಮಡಿಚಿದೆ.